ದೂರಿನ ಕಡತ ಊರಿಗೂ ಕಾಣಲಿ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ರೈತರಿಗೆ ಈಚಿನ ವರ್ಷಗಳಲ್ಲಿ ಒಂದು ಸರ್ಕಾರಿ ಸೂಚನೆ ಪರಿಚಿತವಾಗಿದೆ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದ ಬೆಳೆ ತಪ್ಪಾಗಿ ದಾಖಲಾಗಿದ್ದರೆ ‘ಬೆಳೆ ದರ್ಶಕ್’ ಎಂಬ ಮೊಬೈಲ್ ಆಪ್‌ನಲ್ಲಿ ಪರಿಶೀಲಿಸಿ, ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ ಎಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ಇಲಾಖೆಗಳು ಹೊರಡಿಸುವ ನೂರಾರು ಪ್ರಕಟಣೆಗಳಲ್ಲಿ ಒಂದು. ಆದರೆ ತಪ್ಪನ್ನು ಎಲ್ಲಿ ಹೇಳಬೇಕು, ಯಾರಿಗೆ ಹೇಳಬೇಕು, ಹೇಳಿದ ಮೇಲೆ ಅದು ಯಾರಿಗೆಲ್ಲ ಕಾಣಬೇಕು ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ. ಮೊದಲೆರಡಕ್ಕೆ ಸರ್ಕಾರ ಉತ್ತರ ಕೊಟ್ಟಿದೆ. ಮೂರನೆಯದನ್ನು ಅದು ಕೇಳಿಕೊಂಡಂತೆಯೇ ಕಾಣುವುದಿಲ್ಲ.

ಈ ತಪ್ಪುಗಳು ಸಣ್ಣವಲ್ಲ. ರಾಜ್ಯದಲ್ಲಿ ಬೆಳೆ ಸಮೀಕ್ಷೆ ಮೊಬೈಲಿಗೆ ಬಂದ ಮೇಲೆ ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಛಾಯಾಚಿತ್ರ ಸಹಿತ ದಾಖಲಿಸಲಾಗುತ್ತಿದೆ. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರ ಸೇರಿಸುವ ಅವಕಾಶವೂ ಬಂತು. ಹಾಗೆ ಸೇರಿಸದ ಹೊಲಗಳನ್ನು ಊರಿನಲ್ಲಿ ನೇಮಿಸಿದ ಖಾಸಗಿ ನಿವಾಸಿಗಳು ಸಮೀಕ್ಷೆ ಮಾಡುತ್ತಾರೆ. ಪಹಣಿಯ ಬೆಳೆ ಕಾಲಂ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರ, ಫಸಲ್ ಬಿಮಾ ಯೋಜನೆಯ ಪರಿಶೀಲನೆ ಎಲ್ಲವೂ ಈ ಒಂದೇ ದತ್ತಾಂಶದ ಮೇಲೆ ನಿಂತಿವೆ. ಎರಿ ಹೊಲದಲ್ಲಿ ಕಡಲೆ ಬಿತ್ತಿ, ಕಡಲೆಗೇ ವಿಮೆ ಕಂತು ಕಟ್ಟಿದ ರೈತನ ಹೆಸರಿನಲ್ಲಿ ಸಮೀಕ್ಷೆಯು ಬಿಳಿಜೋಳ ಎಂದು ತೋರಿಸಿದರೆ, ಬೆಳೆ ನಾಶವಾದಾಗ ಅವನ ಅರ್ಜಿ ತಿರಸ್ಕೃತವಾಗಬಹುದು. ಕಂತು ಕಟ್ಟಿದ ರಸೀದಿ ಕೈಯಲ್ಲಿದ್ದರೂ ಪರದೆಯ ಮೇಲಿನ ಬೆಳೆ ಬೇರೆ.

ಮೊದಲು ಇಂಥ ತಪ್ಪನ್ನು ಎಲ್ಲಿ ಹೇಳುತ್ತಿದ್ದರು? ಈ ಭಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಊರಿನ ಲೆಕ್ಕ ಕುಲಕರ್ಣಿಯ ಮನೆಯಲ್ಲಿರುತ್ತಿತ್ತು. 1950ರ ಮುಂಬಯಿ ಕಾನೂನಿನಿಂದ ಆ ವಂಶಪಾರಂಪರ್ಯ ವತನ ರದ್ದಾದ ಮೇಲೆ ಸಂಬಳದ ತಲಾಠಿ ಬಂದ. ಈಗ ಅವರ ಅಧಿಕೃತ ಹೆಸರು ಬದಲಾಗಿದ್ದರೂ ಹಿರಿಯರ ಬಾಯಲ್ಲಿ ಇಂದಿಗೂ ಅವರು ತಲಾಠಿಯೇ, ಪಹಣಿಯು ಉತಾರವೇ. ಉತಾರದಲ್ಲಿ ತಪ್ಪಿದ್ದರೆ ರೈತ ಚಾವಡಿಗೆ ಹೋಗಿ ಹೇಳುತ್ತಿದ್ದ. ಅಲ್ಲಿ ಕುಳಿತ ನಾಲ್ವರು ಕೇಳುತ್ತಿದ್ದರು. ಅವರಲ್ಲಿ ಒಬ್ಬ ‘ನಂದೂ ಹಂಗs ಆಗೇತಿ’ ಎನ್ನುತ್ತಿದ್ದ. ತಪ್ಪು ಒಬ್ಬನದ್ದೋ, ಊರಿನದ್ದೋ ಎಂಬುದು ಆ ಗಳಿಗೆಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಈ ಚಿತ್ರವನ್ನು ಕಂಡು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಚಾವಡಿಯ ಕಟ್ಟೆ ಎಲ್ಲರಿಗೂ ಸಮನಾಗಿರಲಿಲ್ಲ. ವಿಧವೆಯೊಬ್ಬಳು ತನ್ನ ವಾಟ್ನಿಯ ಪಾಲು ಉತಾರದಲ್ಲಿ ಕಾಣುತ್ತಿಲ್ಲವೆಂದು ಆ ಕಟ್ಟೆಯ ಮುಂದೆ ನಿಂತು ಹೇಳುವುದು ಎಷ್ಟು ಕಷ್ಟವಾಗಿತ್ತೆಂದು ಹಳ್ಳಿಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ದಲಿತ ರೈತನ ಮಾತು ಕಟ್ಟೆಯ ಕೆಳಗಿನಿಂದಲೇ ಬರಬೇಕಿತ್ತು. ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲಿತ್ತು. ತಿದ್ದುವ ಲೇಖನಿಯೂ ಅವನದೇ, ತಿದ್ದದಿರುವ ಸ್ವಾತಂತ್ರ್ಯವೂ ಅವನದೇ. ಅರ್ಜಿ ಕೊಟ್ಟದ್ದಕ್ಕೆ ಪುರಾವೆ ಇರುತ್ತಿರಲಿಲ್ಲ.

ಆದ್ದರಿಂದಲೇ 2000ದ ದಶಕದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯನ್ನು ನಾನು ಸ್ವಾಗತಿಸುವವನು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ ಯಾರ ಮುಲಾಜೂ ಇಲ್ಲದೆ ಉತಾರ ಸಿಗುವಂತಾಯಿತು. ಅದಕ್ಕಿಂತ ಮುಖ್ಯವಾದದ್ದು, ಹಕ್ಕು ಬದಲಾವಣೆಯ ಅರ್ಜಿಗಳಿಗೆ ಸರತಿ ಬಂತು. ಮೊದಲು ಬಂದದ್ದು ಮೊದಲು. ಅಧಿಕಾರಿ ಒಂದನ್ನು ಹಿಂದೆ ತಳ್ಳಿ ಇನ್ನೊಂದನ್ನು ಮುಂದೆ ತರುವುದಕ್ಕೆ ತಂತ್ರಾಂಶ ಅಡ್ಡಬಂತು. ದೂರಿಗೆ, ಅರ್ಜಿಗೆ ಒಂದು ನಂಬರು, ಒಂದು ದಿನಾಂಕ, ಒಂದು ರಸೀದಿ ಸಿಕ್ಕಿದ್ದು ಬಡವನಿಗೇ ಹೆಚ್ಚು ಲಾಭದ ಸಂಗತಿ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಇದೇ ದಾರಿಯನ್ನು ಮುಂದುವರಿಸಿ, ಸೇವೆಗೆ ಗಡುವು ವಿಧಿಸಿ, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರವನ್ನೂ ಹೇಳಿತು. ವಿದ್ಯುತ್ತಿಗೆ 1912, ಜನಸ್ಪಂದನಕ್ಕೆ 1902. ಇವೆಲ್ಲ ಅಧಿಕೃತ ವಿಳಾಸಗಳು. ವಿಳಾಸವೇ ಇಲ್ಲದ ಸ್ಥಿತಿಗಿಂತ ಇದು ಎಷ್ಟೋ ಮೇಲು.

ನನ್ನ ತಕರಾರು ಬೇರೆ. ದೂರು ಚಾವಡಿಯಿಂದ ಅಧಿಕೃತ ಕಿಂಡಿಗೆ ಸ್ಥಳಾಂತರಗೊಂಡಾಗ ಅದರ ಜೊತೆಗಿದ್ದ ನಾಲ್ಕು ಜನ ಕಿವಿಗಳು ಹಿಂದೆಯೇ ಉಳಿದವು. ಒಂದು ಗ್ರಾಮ ಪಂಚಾಯಿತಿಯ ನಲವತ್ತು ರೈತರ ಕಡಲೆ ಜೋಳವಾಗಿದೆ ಎಂದು ಊಹಿಸಿಕೊಳ್ಳೋಣ. ನಲವತ್ತು ಮಂದಿಯೂ ಆಕ್ಷೇಪಣೆ ಹಾಕುತ್ತಾರೆ. ನಲವತ್ತು ನಂಬರುಗಳು ಹುಟ್ಟುತ್ತವೆ. ಪ್ರತಿಯೊಬ್ಬನೂ ತನ್ನ ದೂರಿನ ಗತಿಯನ್ನು ಮಾತ್ರ ತನ್ನ ಮೊಬೈಲಿನಲ್ಲಿ ನೋಡಬಲ್ಲ. ಒಂದೇ ದಿನ, ಒಂದೇ ಸಮೀಕ್ಷಕ, ರಸ್ತೆಯ ಬದಿಯಲ್ಲೇ ನಿಂತು ಇಡೀ ಸಾಲಿನ ಹೊಲಗಳ ಚಿತ್ರ ತೆಗೆದದ್ದೇ ಎಲ್ಲಕ್ಕೂ ಮೂಲವಾಗಿರಬಹುದು. ನಕಾಶೆಯ ಗಡಿರೇಖೆಯೇ ಹತ್ತು ಮಾರು ಸರಿದಿರಬಹುದು. ಅದು ದೂರು ಕೊಟ್ಟವರಿಗೆ ಕಾಣುವುದಿಲ್ಲ. ಪರಿಶೀಲಿಸುವವರಿಗೂ ಒಂದೊಂದಾಗಿ ಬಿಡಿಸಿ ನೋಡಿದಾಗ ಕಾಣಬೇಕೆಂದಿಲ್ಲ. ಹೀಗಾಗಿ ಮೂವತ್ತು ಸರಿಹೋಗಿ ಹತ್ತು ತಿರಸ್ಕೃತವಾಗುವುದೂ ಸಾಧ್ಯ. ಆಪ್ ಬಳಸಲು ಬಾರದ್ದರಿಂದ ಆಕ್ಷೇಪಣೆಯನ್ನೇ ಹಾಕದ ಮತ್ತೆ ಇಪ್ಪತ್ತು ಮಂದಿಯ ಲೆಕ್ಕವಂತೂ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ವಿಚಿತ್ರವೆಂದರೆ, ಈ ಸಮಸ್ಯೆಯನ್ನು ತಂತ್ರಾಂಶ ಬರೆಯುವವರು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಗಜೇಂದ್ರಗಡದ ನೇಕಾರನ ಮನೆಯಲ್ಲಿ ಮೊಬೈಲ್ ಹಿಡಿದು ಆಟವಾಡುವ ಹುಡುಗನಿಗೂ ಇದರ ಪರಿಚಯ ಇರಬಹುದು. ಕಂಪ್ಯೂಟರ್ ಆಟಗಳಲ್ಲಿ ದೋಷ ಕಂಡಾಗ ಆಟಗಾರರು ಮೊದಲು ತಮ್ಮತಮ್ಮಲ್ಲೇ ಹೇಳಿಕೊಂಡು ಗೊಣಗುತ್ತಾರೆ. ಆಮೇಲೆ ಕಂಪನಿಯು ಇಂಥ ಜಾಗದಲ್ಲಿ ಬಂದು ದಾಖಲಿಸಿ ಎನ್ನುತ್ತದೆ. ಗುಂಪಿನ ಹರಟೆಯಿಂದ ದೋಷ ಅಧಿಕೃತ ಜಾಗಕ್ಕೆ ಹೋಗುತ್ತದೆ. ನಮ್ಮ ರೈತನ ದೂರು ಚಾವಡಿಯಿಂದ ಆಪ್‌ಗೆ ಹೋದ ಹಾಗೆಯೇ. ಆದರೆ ‘ಮೈನ್‌ಕ್ರಾಫ್ಟ್’ ಎಂಬ ಜಗತ್ಪ್ರಸಿದ್ಧ ಆಟದ ದೋಷಗಳ ಪಟ್ಟಿ ಸಾರ್ವಜನಿಕವಾಗಿದೆ. ಹೊಸದಾಗಿ ದೂರು ಬರೆಯುವ ಮೊದಲು ಅದೇ ದೋಷವನ್ನು ಬೇರೆಯವರು ಹೇಳಿದ್ದಾರೆಯೇ ಹುಡುಕಿ, ಹೇಳಿದ್ದರೆ ಅದಕ್ಕೇ ನಿಮ್ಮ ಮತ ಸೇರಿಸಿ ಎಂಬುದು ಅಲ್ಲಿನ ಪದ್ಧತಿ. ಮೊಜಿಲ್ಲಾ ಬಳಗ 1998ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ಬಗ್‌ಜಿಲ್ಲಾ’ ಎಂಬ ತಂತ್ರಾಂಶದಲ್ಲೂ ಇದೇ ಕ್ರಮ. ಒಂದೇ ದೋಷದ ಬಗೆಗಿನ ಹತ್ತು ದೂರುಗಳನ್ನು ಒಂದರ ಕೆಳಗೆ ತಂದು ಕಟ್ಟುತ್ತಾರೆ. ಹೀಗೆ ಕಟ್ಟಿದಾಗ ದೂರಿನ ಸಂಖ್ಯೆ ಇಳಿಯುತ್ತದೆ, ದೋಷದ ತೂಕ ಹೆಚ್ಚುತ್ತದೆ.

ಆ ಬಗ್‌ಜಿಲ್ಲಾದಲ್ಲಿ ದೂರು ಮುಗಿಸುವ ಬಗೆಗಳಿಗೆ ಕೊಟ್ಟಿರುವ ಹೆಸರುಗಳೂ ಸ್ವಾರಸ್ಯಕರ. ‘ಸರಿಪಡಿಸಲಾಗಿದೆ’ ಎಂಬುದು ಒಂದು. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ಇದೆ’ ಎಂಬುದು ಇನ್ನೊಂದು. ನಮ್ಮ ಕಚೇರಿಗಳ ಎಷ್ಟೋ ಹಿಂಬರಹಗಳ ತಾತ್ಪರ್ಯ ಇದೇ ಅಲ್ಲವೇ ಎಂದು ಓದಿದಾಗ ನಗು ಬಂತು. ಮೂರನೆಯದು ‘ಇದನ್ನು ಸರಿಪಡಿಸುವುದಿಲ್ಲ’. ಇಷ್ಟು ನೇರವಾದ ಉತ್ತರವನ್ನು ಕೊಡುವ ಧೈರ್ಯ ನಮ್ಮ ಆಡಳಿತಕ್ಕೆ ಇನ್ನೂ ಬಂದಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ನುಡಿ ಕೈಗೆ ಸುಲಭವಾಗಿ ಸಿಗುವಾಗ ಆ ಧೈರ್ಯದ ಅಗತ್ಯವಾದರೂ ಏನು?

ಒಂದೊಂದಾಗಿ ಹೇಳಿದ ದೂರು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನರಗುಂದ ದೂರದ ಉದಾಹರಣೆ ಹುಡುಕಬೇಕಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದಾಗ ಸರ್ಕಾರದ ಪುಸ್ತಕದಲ್ಲಿ ನರಗುಂದ–ನವಲಗುಂದದ ಹೊಲಗಳು ನೀರಾವರಿ ಜಮೀನುಗಳಾದವು. ಅದಕ್ಕೆ ತಕ್ಕಂತೆ ಅಭಿವೃದ್ಧಿ ಕರವೂ ಬಂತು. ನೀರು ಮಾತ್ರ ಎಲ್ಲ ಹೊಲಗಳಿಗೂ ಬರಲಿಲ್ಲ. ಬಂದ ಕೆಲವೆಡೆ ಎರಿ ಮಣ್ಣು ಜೌಗಾಯಿತು. ಬೇರೆ ಮಾತಿನಲ್ಲಿ ಹೇಳುವುದಾದರೆ, ದಾಖಲೆಯಲ್ಲಿ ಒಂದು ತಪ್ಪಿತ್ತು, ಆ ತಪ್ಪಿಗೆ ರೈತ ತೆರಿಗೆ ಕಟ್ಟಬೇಕಿತ್ತು. ಬಿಡಿ ಅರ್ಜಿಗಳಿಂದ ಆಗದ ಕೆಲಸಕ್ಕಾಗಿ 1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ಆ ವರ್ಷದ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು, ಜೀವಗಳು ಹೋದವು. ಆ ಚಳವಳಿಯ ಅಲೆ ರಾಜ್ಯದ ರೈತ ಸಂಘಟನೆಯ ಚರಿತ್ರೆಯನ್ನೇ ಬದಲಿಸಿತು. ಜುಲೈ 21ನ್ನು ಈ ಭಾಗದಲ್ಲಿ ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ.

ಆ ದುರಂತಕ್ಕೆ ರಾಜಕೀಯ, ಆರ್ಥಿಕ ಕಾರಣಗಳು ಹಲವಿದ್ದವು. ಎಲ್ಲವನ್ನೂ ದೂರು ಪೆಟ್ಟಿಗೆಯ ತಲೆಗೆ ಕಟ್ಟಲಾಗದು. ಆದರೆ ಒಂದು ಮಾತನ್ನು ಗಮನಿಸಬೇಕು. ನೀರು ಬಾರದ ಹೊಲದ ಪಕ್ಕದಲ್ಲಿ ನೀರು ಬಾರದ ಇನ್ನೊಂದು ಹೊಲವಿದೆ ಎಂಬುದು ರೈತರಿಗೆ ಗೊತ್ತಿತ್ತು. ಅವರು ಒಬ್ಬರನ್ನೊಬ್ಬರು ಕಂಡಿದ್ದರು, ಆದ್ದರಿಂದ ಅದು ಊರ ಪ್ರಶ್ನೆಯಾಯಿತು. ಇಂದಿನ ಆಪ್ ಮತ್ತು ಸಹಾಯವಾಣಿಗಳಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಇದು ಉದ್ದೇಶಪೂರ್ವಕ ಎಂದು ನಾನು ಹೇಳುತ್ತಿಲ್ಲ. ಆದರೆ ಪರಿಣಾಮ ಒಂದೇ. ಸಾಮೂಹಿಕ ತಪ್ಪು ನೂರು ವೈಯಕ್ತಿಕ ತೊಂದರೆಗಳಾಗಿ ಒಡೆದುಹೋಗುತ್ತದೆ, ಪ್ರತಿಯೊಬ್ಬನೂ ತನ್ನ ಹಣೆಬರಹವೆಂದು ಸುಮ್ಮನಾಗುತ್ತಾನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಮೊದಲಾದ ಊರುಗಳಿಗೆ ನುಗ್ಗಿದಾಗ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದದ್ದಕ್ಕೆ ಅದರ ಹತ್ತನೆಯ ಒಂದು ಪಾಲು. ಒಂದಕ್ಷರದ ತಪ್ಪಿಗೆ ನಾಲ್ಕೂವರೆ ಲಕ್ಷದ ವ್ಯತ್ಯಾಸ! ವರ್ಗ ತಪ್ಪಾಗಿದೆ ಎಂಬ ದೂರು ಹೊಳೆದಂಡೆಯ ಊರುಗಳಲ್ಲಿ ಆಗ ಸಾಮಾನ್ಯವಾಗಿತ್ತು. ಇಂಥ ತಪ್ಪು ಅರ್ಜಿಯಲ್ಲಿ ಕಾಣುವುದಿಲ್ಲ, ಓಣಿಯಲ್ಲಿ ಕಾಣುತ್ತದೆ. ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಮಣ್ಣಿನ ಮನೆಗಳು ಒಟ್ಟಿಗೆ ಕುಸಿದು, ಒಂದು ಎ ಆಗಿ ಇನ್ನೊಂದು ಸಿ ಆಗಿದ್ದರೆ ಅದನ್ನು ಹಿಡಿಯಬಲ್ಲವರು ನೆರೆಹೊರೆಯವರೇ. ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಅವರಿಗೆ ಇರಬೇಕು.

ಗಡುವಿನ ವಿಷಯವನ್ನೂ ಇಲ್ಲಿ ಹೇಳಬೇಕು. ಕೇಂದ್ರ ಸರ್ಕಾರ 2024ರಲ್ಲಿ ತನ್ನ ಕುಂದುಕೊರತೆ ವ್ಯವಸ್ಥೆಯಲ್ಲಿ ದೂರು ಇತ್ಯರ್ಥಕ್ಕೆ 30 ದಿನದ ಮಿತಿಯನ್ನು 21ಕ್ಕೆ ಇಳಿಸಿತು. ಒಳ್ಳೆಯದೇ. ಆದರೆ ಅಧಿಕಾರಿಯ ಕಾರ್ಯಕ್ಷಮತೆಯನ್ನು ಮುಗಿಸಿದ ದೂರುಗಳ ಎಣಿಕೆಯಿಂದ ಅಳೆಯತೊಡಗಿದ ಕೂಡಲೇ ದೂರನ್ನು ಮುಗಿಸುವುದೇ ಕೆಲಸವಾಗುತ್ತದೆ, ದೋಷವನ್ನು ತಿದ್ದುವುದಲ್ಲ. ‘ಸಂಬಂಧಿಸಿದ ಕಚೇರಿಗೆ ಕಳುಹಿಸಲಾಗಿದೆ’ ಎಂದು ಬರೆದು ಕಡತ ಮುಚ್ಚಿದರೂ ಅಂಕಿಅಂಶದಲ್ಲಿ ಅದು ಇತ್ಯರ್ಥವೇ. ಬಗ್‌ಜಿಲ್ಲಾದಲ್ಲಿ ‘ಸರಿಪಡಿಸಲಾಗಿದೆ’ ಎಂಬುದರ ಮುಂದೆ ‘ಪರೀಕ್ಷಿಸಿ ಖಚಿತಪಡಿಸಲಾಗಿದೆ’ ಎಂಬ ಇನ್ನೊಂದು ಮೆಟ್ಟಿಲಿದೆ. ಸರಿಪಡಿಸಿದವನ ಮಾತನ್ನೇ ಕೊನೆಯ ಮಾತಾಗಿಸದಿರುವುದಕ್ಕೆ ಇರುವ ಏರ್ಪಾಡು ಅದು. ಪಹಣಿಯ ತಿದ್ದುಪಡಿಯಲ್ಲಿ ಆ ಎರಡನೆಯ ಮೆಟ್ಟಿಲನ್ನು ಹತ್ತಬೇಕಾದವನು ರೈತ. ತಿದ್ದಿದ ಉತಾರವನ್ನು ಅವನು ಓದಿ, ಅಥವಾ ಓದಿಸಿ ಕೇಳಿ, ಹೌದು ಎಂದ ಮೇಲೆ ನಂಬರು ಮುಚ್ಚಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಖಾಸಗಿತನದ್ದು. ದೂರುಗಳನ್ನು ಎಲ್ಲರಿಗೂ ತೋರಿಸಿದರೆ ರೈತರ ವೈಯಕ್ತಿಕ ವಿವರಗಳು ಬಯಲಾಗುವುದಿಲ್ಲವೇ? ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರು ಖಂಡಿತ ಹೊರಬರಬಾರದು. ಆದರೆ ಪಹಣಿಯನ್ನು ಇಂದು ಸರ್ವೆ ನಂಬರು ಗೊತ್ತಿರುವ ಯಾರು ಬೇಕಾದರೂ ನೋಡಬಹುದು. ದಾಖಲೆ ಸಾರ್ವಜನಿಕವಾಗಿದ್ದು ಆ ದಾಖಲೆಯಲ್ಲಿ ತಪ್ಪಿದೆ ಎಂಬ ಮಾತು ಮಾತ್ರ ಗುಟ್ಟಾಗಿರಬೇಕು ಎಂಬ ವಾದದಲ್ಲಿ ನನಗೆ ತರ್ಕ ಕಾಣುವುದಿಲ್ಲ. ಸರ್ವೆ ನಂಬರು, ತಪ್ಪಿನ ಬಗೆ, ದೂರು ಬಂದ ದಿನ, ಈಗಿನ ಸ್ಥಿತಿ ಇಷ್ಟು ಸಾಕು. ಸುಳ್ಳು ದೂರುಗಳು ಹೆಚ್ಚಬಹುದು ಎಂಬುದು ಇನ್ನೊಂದು ಭಯ. ಪಕ್ಕದ ಹೊಲದವನು ಓದುವ ಪಟ್ಟಿಯಲ್ಲಿ ಇಲ್ಲದ ಕಡಲೆಯನ್ನು ಬೆಳೆದೆನೆಂದು ಬರೆಸುವುದು, ಯಾರಿಗೂ ಕಾಣದ ಆಪ್‌ನಲ್ಲಿ ಬರೆಯುವುದಕ್ಕಿಂತ ಕಷ್ಟ ಎಂಬುದು ನನ್ನ ಅನಿಸಿಕೆ.

ಭಾಷೆಯ ತೊಡಕು ಬೇರೆ ಇದೆ. ಚಾವಡಿಯಲ್ಲಿ ರೈತ ತನ್ನ ಮಾತಿನಲ್ಲಿ ತಪ್ಪನ್ನು ವಿವರಿಸುತ್ತಿದ್ದ. ನಮೂನೆಯಲ್ಲಿ ಅವನು ಅಲ್ಲಿರುವ ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ರೋಣದವರ ಗೋವಿನಜೋಳ ಬೆಂಗಳೂರಿನ ಕಡತಗಳಲ್ಲಿ ಮುಸುಕಿನ ಜೋಳ, ಉಳ್ಳಾಗಡ್ಡಿ ಈರುಳ್ಳಿ, ಶೇಂಗಾ ನೆಲಗಡಲೆ. ಇದನ್ನು ಅನೇಕರು ಅಂದಾಜಿನಿಂದ ದಾಟುತ್ತಾರೆ, ನಿಜ. ಆದರೆ ‘ನೀರು ನಿಂತು ಬೇರು ಕೊಳೆತಿದೆ’ ಎಂಬುದಕ್ಕೂ ‘ಹೆಚ್ಚು ಮಳೆಯಿಂದ ಹಾನಿ’ ಎಂಬುದಕ್ಕೂ ವಿಮಾ ನಿಯಮದಲ್ಲಿ ಅಂತರವಿರುತ್ತದೆ. ಫಸಲ್ ಬಿಮಾದಲ್ಲಿ ಜಲಾವೃತದಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಸರಿಯಾದ ಪದ ಹುಡುಕುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ಒಬ್ಬ ಜಾಣ ರೈತ ಬರೆದ ದೂರು ಉಳಿದವರಿಗೂ ಕಾಣುವಂತಿದ್ದರೆ, ನಮ್ಮದೂ ಇದೇ ಎಂದು ಹೇಳುವುದಷ್ಟೇ ಅವರ ಕೆಲಸವಾಗುತ್ತಿತ್ತು. ಹಿಂದೆ ಪತ್ರಿಕೆಗಳ ಓದುಗರ ಪತ್ರದ ಅಂಕಣಗಳು ಸ್ವಲ್ಪ ಮಟ್ಟಿಗೆ ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಯಾರೂ ಕೇಳದೆಯೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಗೆ ದಾರಿ ಮಾಡಿತು. ಕೂಲಿಯ ಹಾಜರಿ ಪಟ್ಟಿಯನ್ನು ಜನರ ಮುಂದೆ ಓದಿದಾಗ ಏನೇನು ಹೊರಬರುತ್ತದೆ ಎಂಬುದನ್ನು ಹಳ್ಳಿಗಳು ಕಂಡಿವೆ. ಆಕ್ಷೇಪಣೆಯ ಅವಧಿಯಲ್ಲಿ ಆಯಾ ಗ್ರಾಮದ ಸಮೀಕ್ಷಾ ವಿವರವನ್ನೂ ಅದಕ್ಕೆ ಬಂದ ದೂರುಗಳನ್ನೂ ಮುದ್ರಿಸಿ ಪಂಚಾಯಿತಿಯ ಗೋಡೆಗೆ ಅಂಟಿಸುವುದು, ಒಂದೇ ಬಗೆಯ ದೂರುಗಳನ್ನು ಒಂದೆಡೆ ಸೇರಿಸುವುದು, ಸೇರಿಸಿದ್ದನ್ನು ಒಂದೇ ಸ್ಥಳ ಪರಿಶೀಲನೆಯಲ್ಲಿ ನೋಡುವುದು ಜಿಲ್ಲಾಡಳಿತದ ಕೈಯಲ್ಲಿರುವ ಕೆಲಸ. ನಲವತ್ತು ಸಲ ಹೊಲಕ್ಕೆ ಹೋಗುವ ಬದಲು ಒಂದು ಸಲ ಹೋದರೆ ಗ್ರಾಮ ಆಡಳಿತ ಅಧಿಕಾರಿಯ ಹೊರೆಯೂ ಇಳಿಯುತ್ತದೆ. ಆಕ್ಷೇಪಣೆ ಹಾಕಲು ಬಾರದವರು ಗೋಡೆಯ ಮುಂದೆ ನಿಂತು ಬೆರಳಿಟ್ಟು ತೋರಿಸಿದರೂ ಅದನ್ನು ದೂರೆಂದೇ ಬರೆದುಕೊಳ್ಳಬೇಕು.

2018ರಲ್ಲಿ ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಗಜೇಂದ್ರಗಡದಿಂದ ಇದನ್ನು ಆರಂಭಿಸಬಹುದು. ಅಲ್ಲಿನ ಕಚೇರಿಗಳು ಹೊಸವು, ರೂಢಿಗಳು ಇನ್ನೂ ಗಟ್ಟಿಯಾಗಿರಲಾರವು. ಮುಂದಿನ ಆಕ್ಷೇಪಣಾ ಅವಧಿಯೊಳಗೆ ನಡೆಯುವ ಗ್ರಾಮಸಭೆಗಳ ವಿಷಯಪಟ್ಟಿಯಲ್ಲಿ ‘ಬೆಳೆ ಸಮೀಕ್ಷೆಯ ದೂರುಗಳನ್ನು ಓದುವುದು’ ಎಂಬ ಒಂದು ಸಾಲು ಸೇರಬೇಕು. ಅದನ್ನು ಸೇರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ವಿಧಾನಸೌಧದ ಆದೇಶಕ್ಕೆ ಕಾಯಬೇಕಾದ ಕಾರಣ ನನಗಂತೂ ಕಾಣುತ್ತಿಲ್ಲ.